ಕೊನೆಯ ಸಾಲಿನ ಹಿಂದಿನ ಬಾಗಿಲು ಕಾಯುವ ಲುಡ್ಮಿಲಾ

ಭಾನುವಾರದ ಬೆಳಗು. ನದಿಯ ಮೇಲಿನ ಮಂಜು ಇನ್ನೂ ಪೇಟೆಬೀದಿ ಬಿಟ್ಟು ಎದ್ದಿಲ್ಲ. ಆರ್ಬಿಟ್ ಚಿತ್ರಮಂದಿರದ ಒಳಗೆ ಎಲ್ಲ ದೀಪಗಳೂ ಉರಿಯುತ್ತಿವೆ. ಅಷ್ಟು ಬೆಳಕಿನಲ್ಲಿ ಚಿತ್ರಮಂದಿರ ಎಷ್ಟು ಬಡವಾಗಿ ಕಾಣುತ್ತದೆ ಎನ್ನುವುದು ಅದನ್ನು ಗುಡಿಸುವವರಿಗೆ ಮಾತ್ರ ಗೊತ್ತು. ಲುಡ್ಮಿಲಾ ಹ್ರುಶ್ಕಾ ನೆಲದ ಮೇಲೆ ಮಂಡಿಯೂರಿ, ಕುರ್ಚಿಗಳ ಅಡಿಗೆ ಅಂಟಿಸಿಹೋದ ಚೂಯಿಂಗ್ ಗಮ್ಮನ್ನು ಹಳೆಯ ಬೆಣ್ಣೆಚಾಕುವಿನಿಂದ ಹೆರೆಯುತ್ತಿದ್ದಾರೆ. ಅರವತ್ತು ದಾಟಿದ ಮಂಡಿಗೆ ಈ ಕೆಲಸ ಒಗ್ಗುವುದಿಲ್ಲ. ಹಾಗಾಗಿ ಎರಡು ಕುರ್ಚಿಗೊಮ್ಮೆ ನಿಂತು, ಮಂಡಿಗೇ ಎರಡು ಮಾತು ಬೈದು, ಮತ್ತೆ ಕೂರುತ್ತಾರೆ.

ಅಷ್ಟರಲ್ಲಿ ಹೊರಗಿನ ಗಾಜಿನ ಬಾಗಿಲನ್ನು ಯಾರೋ ತಟ್ಟುತ್ತಾರೆ. ಹೋಗಿ ನೋಡಿದರೆ, ರಾತ್ರಿಪಾಳಿ ಮುಗಿಸಿ ಬಂದಂತಿರುವ ಒಬ್ಬ ಮನುಷ್ಯ. ಕೈಯಲ್ಲಿ ಊಟದ ಡಬ್ಬಿ. ಟೋಪಿ ತೆಗೆದು ಅದರ ಅಂಚನ್ನು ಸುತ್ತ ತಿರುಗಿಸುತ್ತಾನೆ. ಮಧ್ಯಾಹ್ನದ ಆಟ ಇದೆಯಲ್ಲವೇ ಎಂದು ಕೇಳುತ್ತಾನೆ. ಇದೆ, ಇವತ್ತೇ ಕಡೆಯದು ಎಂದರೂ ಹೋಗುವುದಿಲ್ಲ.

"ನಮ್ಮಕ್ಕ ಬರ್ತಾಳಂತೆ, ಅಮ್ಮ. ಹಿಂದಿನ ಬಾಗಿಲು ತೆಗೆದೇ ಇಟ್ಟಿರ್ತಾರಂತೆ, ನಿಜವಾ ಅಂತ ಕೇಳ್ಕೊಂಡು ಬಾ ಅಂದ್ಲು."

"ತೆಗೆದೇ ಇರತ್ತೆ," ಎನ್ನುತ್ತಾರೆ ಲುಡ್ಮಿಲಾ. "ನಾನೂ ಅಲ್ಲೇ ನಿಂತಿರ್ತೀನಿ ಅಂತ ಹೇಳಿ."

ಅವನು ಒಮ್ಮೆ ಒಳಗೆ ಇಣುಕಿ, ತಲೆಯಾಡಿಸಿ, ಸೇತುವೆಯ ಕಡೆ ನಡೆದುಬಿಡುತ್ತಾನೆ. ಲುಡ್ಮಿಲಾ ಮತ್ತೆ ಚಾಕು ಹಿಡಿದು ಕೂರುತ್ತಾರೆ. ಈ ಒಂದೂವರೆ ತಿಂಗಳಲ್ಲಿ ಹೀಗೆ ಕೇಳಿಕೊಂಡು ಬಂದವರು ಇವನೊಬ್ಬನೇ ಅಲ್ಲ.

ಅವರೆಲ್ಲ ಕೇಳಿಕೊಂಡು ಬರುವುದು 'ಕೆಳಗಿನ ಕೋಣೆ' ಎಂಬ ಸಿನಿಮಾಕ್ಕೆ. ಅದನ್ನು ಮಾಡಿದವರು ಇದೇ ಊರಿನ ಹುಡುಗ ಹುಡುಗಿಯರು. ದುಡ್ಡಿಲ್ಲದ ಸಿನಿಮಾ. ಮುಚ್ಚಿದ ಗಾಜಿನ ಕಾರ್ಖಾನೆಯ ನೆಲಮಾಳಿಗೆ, ಒಂದು ಮಂಚ, ನೇತಾಡುವ ಒಂದು ಬಲ್ಬು. ನಾಯಕಿಯಾಗಿ ನಟಿಸಿದವಳು ವಾರವಿಡೀ ಹಲ್ಲಿನ ಡಾಕ್ಟರ ಹತ್ತಿರ ಫೋನ್ ಎತ್ತುವ ಹುಡುಗಿ. ಹೆದರಿಸುವ ಸಿನಿಮಾ ಎಂದು ಹೆಸರೇ ಹೊರತು ಅದರಲ್ಲಿ ದೆವ್ವವಿಲ್ಲ, ರಕ್ತವಿಲ್ಲ. ಒಬ್ಬ ಗಂಡಸು ಒಬ್ಬ ಹೆಂಗಸನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾನೆ, ಅಷ್ಟೇ. ನೆರೆಮನೆಯವರ ಮುಖವನ್ನು ಪರದೆಯ ಮೇಲೆ ನೋಡಿ ನಗೋಣ ಎಂದು ಮೊದಲ ದಿನ ಊರಿಗೆ ಊರೇ ಬಂದಿತ್ತು.

ಅರ್ಧ ಸಿನಿಮಾ ಕಳೆದ ಮೇಲೆ ಒಂದು ದಿನ ಆ ಗಂಡಸು ಬಾಗಿಲಿಗೆ ಬೀಗ ಹಾಕುವುದನ್ನು ಮರೆತು ಹೋಗುತ್ತಾನೆ. ಬಾಗಿಲು ಅರ್ಧ ತೆರೆದು ನಿಂತಿದೆ. ಹೆಂಗಸು ಬಹಳ ಹೊತ್ತು ಅದನ್ನೇ ನೋಡುತ್ತಾಳೆ. ಏಳುತ್ತಾಳೆ. ಮೆಟ್ಟಿಲು ಹತ್ತುತ್ತಾಳೆ. ಬಾಗಿಲನ್ನು ಮುಟ್ಟುತ್ತಾಳೆ. ಮುಟ್ಟಿ, ಅದನ್ನು ತಾನೇ ಒಳಗಿನಿಂದ ಎಳೆದು ಮುಚ್ಚಿ, ಇಳಿದು ಬಂದು ಮಂಚದ ಮೇಲೆ ಕೂರುತ್ತಾಳೆ.

ಪ್ರತಿ ಆಟದಲ್ಲೂ ಆ ಜಾಗಕ್ಕೆ ಬಂದಾಗ ಮುಂದಿನ ಸಾಲುಗಳು ಕುದಿಯುತ್ತವೆ. "ಹೋಗೇ, ಹೋಗೇ ಮಾರಾಯ್ತಿ" ಎಂದು ಯಾರಾದರೂ ಕೂಗೇ ಕೂಗುತ್ತಾರೆ. ಹುಡುಗರು ಪರದೆಗೆ ಪಾಪ್‌ಕಾರ್ನ್ ಎಸೆಯುತ್ತಾರೆ. ಇಂಥ ದಡ್ಡಿಗೆ ಹಾಗೇ ಆಗಬೇಕು ಎಂದು ಗೊಣಗುವವರು ಗೊಣಗುತ್ತಾರೆ. ಹಿಂದಿನ ಸಾಲುಗಳಲ್ಲಿ ಮಾತ್ರ ಉಸಿರೂ ಕೇಳುವುದಿಲ್ಲ. ಈ ವ್ಯತ್ಯಾಸವನ್ನು ಬಾಗಿಲ ಬಳಿ ನಿಂತ ಲುಡ್ಮಿಲಾ ಮೊದಲ ದಿನವೇ ಕಂಡರು. ಅದಕ್ಕೂ ಮುಂಚೆ ಒಂದು ತಪ್ಪು ಮಾಡಿದ್ದರು.

ಆರ್ಬಿಟ್‌ನಲ್ಲಿ ಹಳೆಯದೊಂದು ವಾಡಿಕೆ. ಹೆದರಿಕೆಯ ಸಿನಿಮಾ ಶುರುವಾಗುವ ಮುನ್ನ, ದೀಪ ಆರಿದೊಡನೆ, ಬಾಗಿಲು ಕಾಯುವವರು ಕೊನೆಯ ಸಾಲಿನ ಹಿಂದೆ ನಿಂತು ದೊಡ್ಡ ಬೀಗದಕೈ ಗೊಂಚಲನ್ನು ಝಣಝಣ ಅಲ್ಲಾಡಿಸಬೇಕು. "ಬೀಗ ಜಡಿದಾಯ್ತು ಕಣ್ರಪ್ಪಾ, ಇನ್ನು ಯಾರೂ ಹೊರಗೆ ಹೋಗೋ ಹಾಗಿಲ್ಲ" ಎಂದು ಗಡಸು ದನಿಯಲ್ಲಿ ಕೂಗಬೇಕು. ಜನ ಕಿರುಚಿ, ಬಿದ್ದು ಬಿದ್ದು ನಗುತ್ತಾರೆ. ನಿಜವಾಗಿ ಆ ಬಾಗಿಲಿಗೆ ಬೀಗವೇ ಇಲ್ಲ. ಬೆಂಕಿ ಬಿದ್ದರೆ ಓಡಿಹೋಗಲೆಂದು ಅದಕ್ಕೆ ಇರುವುದು ತಳ್ಳಿದರೆ ತೆರೆಯುವ ಕಬ್ಬಿಣದ ಪಟ್ಟಿ. ಗೊಂಚಲಿನ ಬೀಗದಕೈಗಳೆಲ್ಲ ಯಾವ ಕಾಲದ ಯಾವ ಬೀಗದವೋ. ಮೊದಲಿದ್ದ ಕಾವಲುಗಾರನಿಂದ ಲುಡ್ಮಿಲಾ ಕೈಗೆ ಅದು ಬಂದು ಮೂವತ್ತು ವರ್ಷ ಆಗಿರಬಹುದು. ಅವರ ಝಣಝಣಕ್ಕೆ ಕಿರುಚಿ ಬೆಳೆದ ಮಕ್ಕಳು ಈಗ ತಮ್ಮ ಮಕ್ಕಳನ್ನು ಕರೆತರುತ್ತಾರೆ.

ಮೊದಲ ದಿನವೂ ಅಲ್ಲಾಡಿಸಿದರು. ಎಲ್ಲರೂ ನಕ್ಕರು. ಪರದೆಯ ಮೇಲಿನ ಹೆಂಗಸು ಬಾಗಿಲು ಮುಚ್ಚಿಕೊಂಡ ಸ್ವಲ್ಪ ಹೊತ್ತಿಗೆ, ಲಾಬಿಗೆ ಬಂದಿದ್ದ ಲುಡ್ಮಿಲಾಗೆ ಒಳಗಿನಿಂದ ಗೋಡೆ ಪರಚುವ ಸದ್ದು ಕೇಳಿಸಿತು. ಬಾಗಿಲು ತೆರೆದರೆ ಒಬ್ಬ ಹೆಂಗಸು ನಿಂತಿದ್ದಾಳೆ. ಬಾಗಿಲಿನ ಕಬ್ಬಿಣದ ಪಟ್ಟಿ ಇದ್ದದ್ದು ಅವಳ ಮೊಣಕೈಯ ಪಕ್ಕದಲ್ಲೇ, ಆದರೂ ಅವಳು ಎರಡೂ ಅಂಗೈಗಳಿಂದ ಪಕ್ಕದ ಗೋಡೆಯನ್ನು ತಳ್ಳುತ್ತಿದ್ದಾಳೆ.

ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ನೀರು ಕುಡಿದು ಅವಳು, ನೀವು ನಿಜವಾಗಿಯೂ ಬೀಗ ಹಾಕಿದಿರಿ ಅಂದುಕೊಂಡೆ ಎಂದಳು. ತನ್ನ ಮನೆಯಲ್ಲೂ ಹೀಗೇ ಇತ್ತು, ಅವನು ಕೆಲಸಕ್ಕೆ ಹೋದಾಗ ಬಾಗಿಲು ತೆರೆದೇ ಇರುತ್ತಿತ್ತು, ಗಾಳಿಗೆ ಬಡಿದುಕೊಂಡರೆ ತಾನೇ ಹೋಗಿ ಚಿಲಕ ಹಾಕಿ ಬರುತ್ತಿದ್ದೆ ಎಂದೂ ಹೇಳಿದಳು. ಇದನ್ನು ಯಾರಿಗೂ ಹೇಳಿರಲಿಲ್ಲವಂತೆ. ಹೇಳಿದರೆ ನಗುತ್ತಾರೆ ಎಂದು.

"ನನ್ನ ಕೈಲಿ ಗೊಂಚಲು ಇನ್ನೂ ಇತ್ತು," ಎನ್ನುತ್ತಾರೆ ಲುಡ್ಮಿಲಾ. "ಅದನ್ನ ಎಲ್ಲಿ ಇಡೋದು ಅಂತಾನೇ ಗೊತ್ತಾಗ್ಲಿಲ್ಲ. ಕಡೆಗೆ ಅದರ ಮೇಲೇ ಕೂತ್ಕೊಂಡೆ."

ಮರುದಿನ ಅವರು ಗೊಂಚಲು ಹಿಡಿಯಲಿಲ್ಲ. ಜನ ಕಾಲಿನಿಂದ ನೆಲ ಬಡಿದು ಕೇಳಿದರೂ ಅಲ್ಲಾಡಿಸಲಿಲ್ಲ. ಅದೂ ಸಾಲದೆಂದು ಬಾಗಿಲಿಗೆ ಮರದ ಬೆಣೆ ಕೊಟ್ಟು ಒಂದು ಗೇಣು ತೆರೆದಿಟ್ಟರು. ಲಾಬಿಯ ಬೆಳಕು ಕೊನೆಯ ಸಾಲಿನ ಮೇಲೆ ಪಟ್ಟೆಯಾಗಿ ಬಿತ್ತು. ಮಾಲೀಕ ವಿನ್ಸ್ ಪೆಟ್ರೆಲಾ ಓಡಿಬಂದ. ಕತ್ತಲೆಗೆ ತಾನೇ ಜನ ದುಡ್ಡು ಕೊಡೋದು, ನೀನು ಬೆಳಕು ಮಾರೋಕೆ ಹೊರಟಿದೀಯಲ್ಲ ಲುಡಿ, ವಯಸ್ಸಾದ ಮೇಲೆ ನಿನಗೇ ಸಿನಿಮಾ ಹೆದರಿಕೆ ಶುರುವಾಯಿತೇ ಎಂದು ಹಂಗಿಸಿದ. ಲುಡ್ಮಿಲಾ ಬೆಣೆ ತೆಗೆಯಲಿಲ್ಲ. ಈಗ ಆರ್ಬಿಟ್‌ನಲ್ಲಿ ಮೊದಲು ತುಂಬುವುದು ಕೊನೆಯ ಸಾಲು. ವಿನ್ಸ್ ಈಗ ಬೆಣೆಯ ಸುದ್ದಿ ಎತ್ತುವುದಿಲ್ಲ. ಮೊನ್ನೆ ಅದು ಸವೆದಿದೆಯೆಂದು ತಾನೇ ಹೊಸದೊಂದನ್ನು ಕೆತ್ತಿ ತಂದಿಟ್ಟಿದ್ದಾನೆ.

ಆ ಪಟ್ಟೆ ಬೆಳಕಿನಲ್ಲಿ ಲುಡ್ಮಿಲಾ ಕಂಡದ್ದನ್ನು ಅವರ ಬಾಯಿಂದ ಕೇಳಬೇಕು. ಒಬ್ಬ ಮುದುಕಿ ಬಾಗಿಲಿನ ದೃಶ್ಯದವರೆಗೆ ಕೂತು, ಎದ್ದು ಹೊರಬಂದು, ಬೀದಿಯನ್ನು ಒಂದು ಸುತ್ತು ಹಾಕಿ, ಉಳಿದದ್ದನ್ನು ನೋಡಲು ಮತ್ತೆ ಒಳಗೆ ಹೋಗುತ್ತಾಳೆ. ಲಾರಿ ಓಡಿಸುವ ಆಳೆತ್ತರದ ಗಂಡಸೊಬ್ಬ ಬೆಂಚಿನ ಮೇಲೆ ಕುಸಿದು, ಅದು ನಮ್ಮಮ್ಮ ಎಂದಷ್ಟೇ ಹೇಳಿ ಹೋದ. ಮೊದಲ ವಾರ ಎಲ್ಲರಿಗಿಂತ ಜೋರಾಗಿ "ಹೋಗೇ" ಎಂದು ಕೂಗಿದ್ದ ಶಾಲೆಯ ಮೇಡಂ ಎರಡನೆಯ ವಾರ ಒಬ್ಬರೇ ಬಂದು ಹಿಂದೆ ಕೂತರು. ಇನ್ನೊಬ್ಬಾಕೆ ಆಟ ಮುಗಿದ ಮೇಲೆ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿದಳು, ಅದು ತೂಗಿ ಬಂತು, ಮತ್ತೆ ತಳ್ಳಿದಳು. ತೊಟ್ಟಿಲು ತೂಗಿದ ಹಾಗಿತ್ತು ಎನ್ನುತ್ತಾರೆ ಲುಡ್ಮಿಲಾ.

ಸಿನಿಮಾದ ಕೊನೆಯಲ್ಲಿ ಆ ಹೆಂಗಸು ಇನ್ನೊಮ್ಮೆ ಮೆಟ್ಟಿಲು ಹತ್ತಿ ಬಾಗಿಲು ತೆರೆಯುತ್ತಾಳೆ. ಪರದೆ ಬೆಳ್ಳಗಾಗುತ್ತದೆ, ಅಷ್ಟೇ. ದೀಪ ಹತ್ತಿದರೂ ಜನ ಏಳುವುದಿಲ್ಲ. ಪಾಪ್‌ಕಾರ್ನ್ ಎಸೆದವರೂ ಏಳುವುದಿಲ್ಲ. ಲುಡ್ಮಿಲಾ ಬಂದು ಬೆಣೆ ತೆಗೆದು ಬಾಗಿಲನ್ನು ಪೂರ್ತಿ ತೆರೆದು ಹಿಡಿದು ನಿಂತ ಮೇಲೆಯೇ ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ.

"ಚರ್ಚಲ್ಲೂ ಜನ ಹಾಗೆ ಕೂತಿದ್ದು ನಾನು ನೋಡಿಲ್ಲ. ನಮ್ಮೂರಲ್ಲಿ ಇಷ್ಟು ಜನ ಇಂಥದ್ದನ್ನ ಹೊತ್ಕೊಂಡು ಓಡಾಡ್ತಿದ್ರು. ನಾನು ಅವರಿಗೆಲ್ಲ ಟಿಕೆಟ್ ಹರಿದು ಕೊಟ್ಟಿದೀನಿ, ಮುಖ ಮಾತ್ರ ನೋಡಿರ್ಲಿಲ್ಲ."

ಲುಡ್ಮಿಲಾ ಹುಟ್ಟಿದ್ದು ಇದೇ ಊರಿನ ಸ್ಲೋವಾಕ್ ವಲಸಿಗರ ಓಣಿಯಲ್ಲಿ. ಅಪ್ಪ ಗಾಜು ಊದುತ್ತಿದ್ದರು. ಗಂಡ ಅದೇ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮರುವರ್ಷ ತೀರಿಕೊಂಡರು. ಬೆಳಗ್ಗೆ ಶಾಲೆಯ ಅಡುಗೆಮನೆ, ಸಂಜೆ ಮತ್ತು ವಾರದ ಕೊನೆಗೆ ಆರ್ಬಿಟ್. ಹೀಗೆ ದುಡಿದು ಒಬ್ಬಳೇ ಮಗಳು ಡಾನಿಯೆಲಾಳನ್ನು ಬೆಳೆಸಿದರು. ಈಗ ಮನೆಯಲ್ಲಿ ಇರುವುದು ಮೊಮ್ಮಗಳು ಜೋಸಿ. ಒಂಬತ್ತು ವರ್ಷ. ರಜೆಯ ದಿನ ಬೆಳಗ್ಗೆ ಅವಳ ಜಡೆ ಹೆಣೆದು, ಎಲೆಕೋಸು ಹಾಕಿದ ನೂಡಲ್ಸನ್ನು ಡಬ್ಬಿಗೆ ತುಂಬಿ, ಅವಳನ್ನೂ ಆರ್ಬಿಟ್‌ಗೆ ಕರೆದುಕೊಂಡೇ ಬರುತ್ತಾರೆ. ಈ ಸಿನಿಮಾ ಓಡುವಾಗ ಜೋಸಿ ಒಳಗೆ ಕಾಲಿಡುವಂತಿಲ್ಲ. ಕೌಂಟರಿನ ಹಿಂದೆ ಕೂತು ಪಾಪ್‌ಕಾರ್ನಿನ ರಟ್ಟಿನ ಡಬ್ಬಗಳನ್ನು ಮಡಚುತ್ತಾಳೆ.

ಡಾನಿಯೆಲಾ ಇರುವುದು ಊರಿನ ಮೇಲಿನ ಗುಡ್ಡದಲ್ಲಿ, ಒಬ್ಬನ ಜೊತೆ. ಅವನ ಹೆಸರನ್ನು ಲುಡ್ಮಿಲಾ ಎತ್ತುವುದಿಲ್ಲ. ಶಾಲೆಯ ಬಸ್ಸು ಗುಡ್ಡ ಹತ್ತುವುದಿಲ್ಲ ಎನ್ನುವ ನೆಪ ಹೇಳಿ ಎರಡು ವರ್ಷದ ಹಿಂದೆ ಮಗುವನ್ನು ಇಲ್ಲಿ ಬಿಟ್ಟುಹೋದಳು. ಕಾರು ಅವನದು, ಫೋನೂ ಅವನದು. ಮೊದಮೊದಲು ಲುಡ್ಮಿಲಾ ಫೋನಿನಲ್ಲಿ ರೇಗುತ್ತಿದ್ದರು. ಕಾಲು ಗಟ್ಟಿಯಾಗಿದೆ, ಬಾಗಿಲು ತೆರೆದಿದೆ, ಎದ್ದು ಬರೋಕೆ ನಿನಗೇನು ರೋಗ ಎಂದು ಕೇಳುತ್ತಿದ್ದರು. ಮಾತು ಗಿಡ್ಡವಾಗುತ್ತ ಬಂದು ಒಂದು ದಿನ ಫೋನೇ ನಿಂತಿತು.

"ಮುಂದಿನ ಸಾಲಲ್ಲಿ ಕೂತು ಕೂಗಿದವಳೇ ನಾನೂ," ಎನ್ನುತ್ತಾರೆ, ಚಾಕುವನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ.

ಜೋಸಿ ಅಮ್ಮನ ಬಗ್ಗೆ ಏನೂ ಕೇಳುವುದಿಲ್ಲ. ಕೇಳಿದರೆ ಅಜ್ಜಿಯ ಮುಖ ಹೇಗಾಗುತ್ತದೆ ಎನ್ನುವುದು ಅವಳಿಗೆ ಗೊತ್ತು. ಅದರ ಬದಲು, ಗುಡ್ಡದ ಮೇಲೆ ಹಿಮ ಕರಗಿತಾ ಅಜ್ಜಿ ಎಂದು ಕೇಳುತ್ತಾಳೆ. ಬೇಸಿಗೆಯಲ್ಲಿ, ಅಲ್ಲಿ ಮಳೆಯಾ ಎನ್ನುತ್ತಾಳೆ.

ಹೋದ ವಾರ ಲುಡ್ಮಿಲಾ ಗುಡ್ಡಕ್ಕೆ ಟಪಾಲು ಒಯ್ಯುವಾಕೆಯನ್ನು ಕೌಂಟರಿನ ಬಳಿ ನಿಲ್ಲಿಸಿ ಡಾನಿಯೆಲಾಳಿಗೆ ಒಂದು ಮಾತು ಹೇಳಿಕಳಿಸಿದರು. ಮನೆಗೆ ಬಾ ಎಂದು ಹೇಳಬೇಡ, ಅಮ್ಮ ಕರೆದಳು ಎಂದೂ ಹೇಳಬೇಡ. ಭಾನುವಾರ ಮಧ್ಯಾಹ್ನ ಸಿನಿಮಾ ಇದೆ, ಕೊನೆಯ ಸಾಲಿನಲ್ಲಿ ಒಂದು ಜಾಗ ಹಿಡಿದಿದೆ ಎಂದಷ್ಟೇ ಹೇಳು ಎಂದರು. ಡಬ್ಬ ಮಡಚುತ್ತಿದ್ದ ಜೋಸಿಯ ಕೈ ನಿಂತದ್ದನ್ನು ಅವರು ನೋಡಿದರು. 

ಮಧ್ಯಾಹ್ನ. ಕಡೆಯ ಆಟವಾದ್ದರಿಂದ ಮುಂದೆಯೂ ಜನ, ಹಿಂದೆಯೂ ಜನ. ಬೆಳಗ್ಗೆ ಬಂದವನ ಅಕ್ಕ ತಮ್ಮನ ತೋಳು ಹಿಡಿದು ಬಂದಿದ್ದಾಳೆ. ಕೂರುವ ಮೊದಲು ಬೆಣೆಯನ್ನು ಬಗ್ಗಿ ನೋಡುತ್ತಾಳೆ. ಬಾಗಿಲ ಪಕ್ಕದ ಕುರ್ಚಿಯ ಮೇಲೆ ಲುಡ್ಮಿಲಾ ತಮ್ಮ ಸ್ವೆಟರ್ ಹಾಸಿದ್ದಾರೆ. ದೀಪ ಆರುತ್ತದೆ. ಸ್ವೆಟರ್ ಹಾಗೇ ಇದೆ.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಲಾಬಿಗೆ ಡಾನಿಯೆಲಾ ಬರುತ್ತಾಳೆ. ಚರ್ಚಿಗೆ ಹಾಕುವ ಕಪ್ಪು ಕೋಟು, ಮೊದಲಿಗಿಂತ ಅರ್ಧವಾಗಿರುವ ಮುಖ. ಗುಡ್ಡದವರನ್ನು ಪ್ರಾರ್ಥನೆಗೆ ಕರೆತರುವ ವ್ಯಾನಿನಲ್ಲಿ ಬಂದಿದ್ದಾಳೆ. ಅವನು ಅಲ್ಲಿಗೆ ಮಾತ್ರ ಕಳಿಸುತ್ತಾನೆ. ಪ್ರಾರ್ಥನೆಯ ನಂತರದ ಊಟ ಬಿಟ್ಟು ನಡೆದು ಬಂದೆ, ವ್ಯಾನು ಮೂರಕ್ಕೆ ಹೊರಡುತ್ತದೆ, ನನ್ನನ್ನು ಇಲ್ಲೇ ಬಂದು ಹತ್ತಿಸಿಕೊಳ್ಳುತ್ತಾರೆ ಎನ್ನುತ್ತಾಳೆ. ಜೋಸಿಯ ತಲೆ ಸವರುತ್ತಾಳೆ. ಮಗು ಅಲ್ಲಾಡದೆ ನಿಲ್ಲುತ್ತದೆ. ಲುಡ್ಮಿಲಾ ತಬ್ಬಿಕೊಳ್ಳುವುದಿಲ್ಲ. ಒಳಗೆ ಹೋಗಿ ಸ್ವೆಟರ್ ಎತ್ತಿಕೊಳ್ಳುತ್ತಾರೆ.

ಆಮೇಲೆ ಅವರು ಪರದೆಯನ್ನು ನೋಡಲಿಲ್ಲ. ಬೆಳಕಿನ ಪಟ್ಟೆಯಲ್ಲಿ ಕಾಣುವ ಮಗಳ ಹೆಗಲನ್ನೇ ನೋಡುತ್ತ ನಿಂತರು. ಬಾಗಿಲಿನ ದೃಶ್ಯ ಬಂತು. ಮುಂದಿನಿಂದ "ಹೋಗೇ" ಎಂದು ಕೂಗೆದ್ದಿತು, ಯಾರೋ ನಕ್ಕರು. ಪಕ್ಕದ ಕುರ್ಚಿಯಲ್ಲಿದ್ದ ಆ ಅಪರಿಚಿತ ಅಕ್ಕ, ತಿರುಗಿಯೂ ನೋಡದೆ, ಡಾನಿಯೆಲಾಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು. ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ.

ಪರದೆ ಬೆಳ್ಳಗಾಗುತ್ತದೆ, ದೀಪ ಹತ್ತುತ್ತದೆ. ಎಂದಿನಂತೆ ಯಾರೂ ಏಳುವುದಿಲ್ಲ. ಲುಡ್ಮಿಲಾ ಬೆಣೆಯ ಕಡೆ ಬಗ್ಗುವಷ್ಟರಲ್ಲಿ ಡಾನಿಯೆಲಾ ಒಬ್ಬಳೇ ಎದ್ದು, ಬಾಗಿಲನ್ನು ಅಂಗೈಯಿಂದ ತಳ್ಳಿ ಲಾಬಿಗೆ ಬರುತ್ತಾಳೆ.

ಗಾಜಿನ ಆಚೆ ವ್ಯಾನು ಬಂದು ನಿಂತಿದೆ. ಎಂಜಿನ್ ಆರಿಸಿಲ್ಲ. ಡಾನಿಯೆಲಾ ಅದನ್ನು ನೋಡುತ್ತ ಕೋಟಿನ ಗುಂಡಿ ಹಾಕಿಕೊಳ್ಳುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹಾಕಿಕೊಳ್ಳುತ್ತಾಳೆ. ಲುಡ್ಮಿಲಾಗೆ ನಾಲಿಗೆಯ ತುದಿಯಲ್ಲಿ ಹಳೆಯ ಮಾತುಗಳೆಲ್ಲ ಬಂದು ನಿಂತಿವೆ. ಒಂದು ಕೈಯಿಂದ ಬಾಗಿಲು ಹಿಡಿದಿದ್ದಾರೆ, ಇನ್ನೊಂದು ಕೈಯಲ್ಲಿ ಸ್ವೆಟರ್ ಇದೆ. ಜನ ಅವರ ಪಕ್ಕದಿಂದ ಹೊರಬರುತ್ತಿದ್ದಾರೆ. ಅವರಲ್ಲಿ ಕೆಲವರು ಡಾನಿಯೆಲಾಳನ್ನು ಕಂಡು ಹೆಜ್ಜೆ ನಿಧಾನಿಸಿ, ಬೀದಿಗೆ ಹೋಗದೆ ಲಾಬಿಯಲ್ಲೇ ನಿಲ್ಲುತ್ತಾರೆ.

ಜೋಸಿ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟು, ಕೌಂಟರಿನ ಹಿಂದಿನಿಂದ ಬಂದು, ಅಮ್ಮನ ಕೋಟಿನ ತುದಿ ಹಿಡಿಯುತ್ತಾಳೆ.

"ಅಮ್ಮಾ, ನೀನು ವಾಪಸ್ ಹೋಗ್ಲೇಬೇಕಾ?"