ಕುಷಾಯಿಗೂಡದ ಒಂದು ಹಿಡಿ

ಶರಣಮ್ಮನವರ ಮುಂದಿನ ಎರಡು ಹಲ್ಲುಗಳನ್ನು ನಮ್ಮ ಬೀಜ ಸಂಗ್ರಹ ಕೇಂದ್ರದ ಯಂತ್ರಗಳ ಪಟ್ಟಿಗೆ ಸೇರಿಸಬೇಕಿತ್ತು. ಒಂದು ಜೋಳದ ಕಾಳನ್ನು ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ ಕಡಿಯುತ್ತಿದ್ದರು. ‘ಕಟ್’ ಎಂದರೆ ಒಣಗಿದೆ. ಸದ್ದಿಲ್ಲದೆ ಚಪ್ಪಟೆಯಾದರೆ ಇನ್ನೂ ಹಸಿ. “ಒಂದು ಕಾಳು ಕೊಂದ್ರಲ್ರಿ” ಎಂದು ನಾನು ರೇಗಿಸಿದರೆ, “ಒಂದು ಸತ್ರ ಸಾವಿರ ಉಳೀತಾವ, ಬಿಡ್ರಿ ಮೇಡಂ” ಎನ್ನುತ್ತಿದ್ದರು.

ನಾನು ಮಲ್ಕಾಜ್‌ಗಿರಿಯವಳು. ಅಪ್ಪ ರೈಲ್ವೆಯಲ್ಲಿದ್ದರು, ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಊರಾಚೆಯ ಆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ದಿನವೇ ಒಣಗಿಸುವ ಕೋಣೆಯಿಂದ, “ಏ, ಎಲ್ಲಿಗೆ ಉರುಳಾಕತ್ತೀ? ಸುಮ್ಮ ಕುಂದುರು!” ಎಂಬ ಗದರಿಕೆ ಕೇಳಿ ಇಣುಕಿದೆ. ಮೊರದಿಂದ ಜಾರುತ್ತಿದ್ದ ಜೋಳಕ್ಕೆ ಶರಣಮ್ಮ ಬೈಯುತ್ತಿದ್ದರು. ಲಿಂಗಸೂರಿನ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಕುಷಾಯಿಗೂಡದಲ್ಲಿ ನೆಲೆನಿಂತು, ಕೊನೆಗೆ ಇಲ್ಲಿ ಬೀಜ ಹಸನು ಮಾಡುವ ಕೆಲಸ ಹಿಡಿದಿದ್ದರು. ಕೇಂದ್ರದ ಸಾಹೇಬರ ಜೊತೆ ತೆಲುಗು, ಡ್ರೈವರ್ ಜೊತೆ ಹಿಂದಿ. ಕನ್ನಡ ನನಗೂ ಬೀಜಗಳಿಗೂ ಮೀಸಲು.

ನಮ್ಮ ಕೆಲಸವೇನೆಂದು ನಾನೊಮ್ಮೆ ಆಕೆಗೆ ದೊಡ್ಡದಾಗಿ ವಿವರಿಸಿದ್ದೆ. ನಾಳೆ ಮಳೆ ಕೈಕೊಟ್ಟು, ಹೊಸ ಹುಳವೋ ರೋಗವೋ ಬಂದು, ಈಗಿನ ತಳಿಗಳು ಸೋತರೆ ಜನ ಉಪವಾಸ ಬೀಳಬಾರದು. ಅದಕ್ಕಾಗಿ ಹಳೆಯ ತಳಿಗಳನ್ನು ಒಣಗಿಸಿ, ಪೊಟ್ಟಣ ಕಟ್ಟಿ, ಶೀತಕೋಣೆಯಲ್ಲಿ ಕಾಪಾಡುತ್ತೇವೆ ಎಂದೆ. ಶರಣಮ್ಮ ಪೂರ್ತಿ ಕೇಳಿಸಿಕೊಂಡು, “ನಮ್ಮವ್ವನೂ ಇದನ್ನ ಮಾಡ್ತಿದ್ಳು. ಬಿತ್ತಾಕ ಎಲ್ಲಾ ತಗೀಬಾರ್ದು, ಗಡಗ್ಯಾಗ ಒಂದು ಹಿಡಿ ಉಳಿಸ್ಬೇಕು ಅಂತಿದ್ಳು” ಎಂದರು.

ಒಂದು ಮಳೆಗಾಲ ವಿಕಾರಾಬಾದ್ ಕಡೆಯ ಮುದುಕರೊಬ್ಬರಿಂದ ಕರಿಹೊಟ್ಟಿನ ಜೋಳ ಬಂತು. ಸುಳಿ ತಿನ್ನುವ ನೊಣಕ್ಕೆ ಜಗ್ಗದ ತಳಿ. ಅವರ ಹೊಲ ಆಗಲೇ ಪ್ಲಾಟುಗಳಾಗಿತ್ತು, ಬೇರೆ ಯಾರೂ ಅದನ್ನು ಬೆಳೆಯುತ್ತಿರಲಿಲ್ಲ. ತೇವ ಅಳೆಯುವ ಮೀಟರು ಒಣಗಿದೆ ಎಂದಿತು. ಶರಣಮ್ಮ ಕಡಿದು ನೋಡಿ, “ಇನ್ನೂ ಹಸಿ ಐತ್ರಿ” ಎಂದರು. “ಮೀಟರಿಗಿಂತ ನಿಮ್ಮ ಹಲ್ಲು ದೊಡ್ಡದೇನ್ರಿ?” ಎಂದು ನಕ್ಕು ನಾನು ಪೊಟ್ಟಣ ಮುಚ್ಚಿದೆ. ಆಕೆ ನಗಲಿಲ್ಲ.

ಕೆಲವು ತಿಂಗಳ ಮೇಲೆ ಪರೀಕ್ಷೆಗೆಂದು ಒದ್ದೆ ಕಾಗದದಲ್ಲಿ ಸುತ್ತಿಟ್ಟ ಕಾಳುಗಳಲ್ಲಿ ಒಂದೂ ಮೊಳೆಯಲಿಲ್ಲ, ಒಳಗಿನ ತೇವಕ್ಕೆ ಎಲ್ಲ ಸತ್ತಿದ್ದವು. ಮೀಟರನ್ನು ಪ್ರತಿ ಧಾನ್ಯಕ್ಕೂ ಬೇರೆಯಾಗಿ ಹೊಂದಿಸಬೇಕು; ಪೊಟ್ಟಣ ಮುಚ್ಚುವ ಹಿಂದಿನ ದಿನ ಸಜ್ಜೆಗೆ ಇಟ್ಟಿದ್ದನ್ನು ಜೋಳಕ್ಕೆ ಬದಲಿಸಲು ನಾನು ಮರೆತಿದ್ದೆ, ಅಷ್ಟೇ. ಆ ಮುದುಕರ ಮುಖ ನೆನಪಾಗಿ, ಶೀತಕೋಣೆಯ ಬಾಗಿಲಿಗೆ ಒರಗಿ ಅತ್ತುಬಿಟ್ಟೆ.

ಮರುದಿನ ಶರಣಮ್ಮ ಊಟದ ಡಬ್ಬಿ ತೆರೆದು ನನ್ನ ಮುಂದಿಟ್ಟರು. ಒಳಗೆ ರೊಟ್ಟಿ ಇರಲಿಲ್ಲ. ಬೂದಿ, ಬೇವಿನ ಒಣ ಎಲೆ, ಅದರ ನಡುವೆ ಒಂದು ಹಿಡಿ ಕರಿಹೊಟ್ಟಿನ ಜೋಳ.

“ನೀವು ಮುಚ್ಚೋ ಮುಂಚೇನ ಒಂದು ಹಿಡಿ ತಗದಿಟ್ಕೊಂಡು ಮನಿಗೆ ಒಯ್ದಿದ್ದೆ. ನಾಕು ದಿನ ಒಣಗಿಸಿ ಇಟ್ಟೀನಿ. ಕಳ್ಳಿ ಅನಬ್ಯಾಡ್ರಿ.” ಗೇಟಿನಾಚೆ ಒಂದು ಕಾಳು ಒಯ್ದರೂ ಕೆಲಸ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

“ಮತ್ಯಾಕ ತಂದ್ರಿ?”

“ನಂದೊಂದು ಕೆಲಸ ಹೋದ್ರ ಹೋಗ್ಲಿ ಯವ್ವಾ. ಬೀಜ ಹೋದ್ರ ಎಲ್ಲಿಂದ ತರೂನು?”

ಡಬ್ಬಿ ಹಿಡಿದು ಸಾಹೇಬರ ಬಳಿ ಹೋಗಿ, ನನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಇದನ್ನು ಹೇಳಿದೆ. ಅವರು ಬೂದಿ ಕೆದಕಿ ಕಾಳುಗಳನ್ನು ನೋಡಿದರು. ದೊಡ್ಡ ಕೇಂದ್ರಗಳೂ ಒಂದು ಪಾಲನ್ನು ಬೇರೆ ಊರಿನಲ್ಲಿ ಇಡುತ್ತವೆ, ನಮ್ಮದು ಕುಷಾಯಿಗೂಡದಲ್ಲಿತ್ತು ಎಂದುಕೊಳ್ಳೋಣ ಎಂದರು. ಇನ್ನು ಮುಂದೆ ಕೇಳಿ ಒಯ್ಯಬೇಕೆಂದು ಗದರಲೂ ಮರೆಯಲಿಲ್ಲ. ಅಂದಿನಿಂದ ಶರಣಮ್ಮನವರ ಮನೆಗೆ ನಾವಿಟ್ಟ ಹೆಸರು ‘ಕುಷಾಯಿಗೂಡ ಬ್ರಾಂಚ್’. ನಾನು ಅಂದಿನಿಂದ ‘ಮೇಡಂ’ ಆಗಿ ಉಳಿಯಲಿಲ್ಲ, ‘ಯವ್ವಾ’ ಆದೆ.

ಆ ಹಿಡಿ ಬೀಜ ಮೊಳೆಯಿತು, ತೆನೆಯಾಯಿತು, ವರ್ಷದಿಂದ ವರ್ಷಕ್ಕೆ ಮೂಟೆಯಾಯಿತು. ಅಷ್ಟರಲ್ಲಿ ಶರಣಮ್ಮನವರ ಹಲ್ಲುಗಳು ಉದುರಿದ್ದವು, ಅವರು ಕೆಲಸ ಬಿಟ್ಟು ಹಾಸಿಗೆ ಹಿಡಿದಿದ್ದರು. ಹೋದ ಸುಗ್ಗಿಯಲ್ಲಿ ಹೊಸ ಕಾಳು ಒಂದಿಷ್ಟು ಕಟ್ಟಿಕೊಂಡು ನೋಡಲು ಹೋದೆ. ಅಂಗೈಯಲ್ಲಿ ಹರಡಿ ಮುಟ್ಟಿ ನೋಡಿದರು. ಬೊಚ್ಚುಬಾಯಿ ತುಂಬ ನಕ್ಕು, “ನನ್ನ ಮಷೀನ್ ಕೆಟ್ಟೈತಿ. ನೀ ಕಡಿ” ಎಂದು ನನ್ನ ಕೆನ್ನೆಗೆ ಕಿವಿ ಹಚ್ಚಿದರು. ಕಡಿದೆ.

“ಇನ್ನೂ ಎರಡು ಬಿಸಿಲು ಬೇಕು. ಆಮೇಲೆ ನನಗ ಹೇಳು.”

ಒಯ್ದ ಕಾಳನ್ನು ಅವರ ಬಳಿಯೇ ಬಿಟ್ಟು ಕೇಂದ್ರಕ್ಕೆ ಮರಳಿ, ಮೀಟರನ್ನು ಜೋಳಕ್ಕೇ ಇಟ್ಟು ಉಳಿದದ್ದನ್ನು ಅಳೆದಾಗ ಅದೂ ಹಾಗೆಯೇ ಹೇಳಿತು. ಎರಡು ದಿನ ಹರಡಿ, ಮೂರನೆಯ ದಿನ ಒಂದು ಕಾಳು ಕಡಿದೆ. ಕಟ್ ಎಂದಿತು. ಖುಷಿಯಿಂದ ಫೋನ್ ಮಾಡಿದರೆ ಶರಣಮ್ಮನವರ ಸೊಸೆ ಎತ್ತಿದಳು. ಬೆಳಿಗ್ಗೆಯೇ ಹೋಗಿಬಿಟ್ಟಿದ್ದರಂತೆ.

ಮಣ್ಣಿಗೆ ಹೋಗಿ ಬರುವಾಗ ಸೊಸೆ ಆ ಹಳೆಯ ಊಟದ ಡಬ್ಬಿಯನ್ನು ನನ್ನ ಕೈಗಿಟ್ಟು, “ಇದನ್ನೇನು ಮಾಡ್ಲಿ ಅಕ್ಕಾ?” ಎಂದಳು. ತೆರೆದೆ. ನಾನು ಅವರ ಬಳಿ ಬಿಟ್ಟು ಬಂದಿದ್ದ ಕಾಳೆಲ್ಲ, ಬಿಸಿಲು ಕಾಣದೆಯೇ, ಹೊಸ ಬೂದಿಯಲ್ಲಿತ್ತು. ಅದನ್ನು ಮುಚ್ಚಿ ಅವಳಿಗೇ ಹಿಂತಿರುಗಿಸಿ, ಎರಡು ಬಿಸಿಲು ತೋರಿಸಿ ಮತ್ತೆ ಬೂದಿಯಲ್ಲೇ ಇಡಲು ಹೇಳಿ ಬಂದೆ.