ತೊಲೆಯಿಂದ ಉದುರಿದ ವಿಭೂತಿ

ಅಳವಂಡಿಯ ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಯ ನಡುಮನೆಯಲ್ಲಿ ದೇವರ ಜಗಲಿ ಇತ್ತು. ಒಂದು ಬೆಳಿಗ್ಗೆ ಅದರ ಮೇಲೆ ಬಿಳಿಚು ಪುಡಿಯ ಸಣ್ಣ ಗುಪ್ಪೆ ಬಿದ್ದಿತ್ತು. ಅತ್ತೆ ಬೆರಳಿಂದ ಮುಟ್ಟಿ ನೋಡಿದರು. ಮೈದಾಹಿಟ್ಟಿನಷ್ಟು ನುಣುಪು. ಹಣೆಗೆ ಮೂರು ಬೆರಳು ಎಳೆದುಕೊಂಡೇಬಿಟ್ಟರು.

“ವಿಭೂತಿ ಬಿದ್ದೈತಿ. ಇಷ್ಟು ವರ್ಷ ಮಾಡಿದ ಪೂಜಿ ಸುಮ್ನ ಹೋಗ್ತೈತೇನು” ಎಂದರು.

ನನಗೆ ಅವತ್ತೇ ಅನುಮಾನ ಬಂದಿತ್ತು. ಆದರೆ ಅತ್ತೆ ಆ ಖುಷಿಯಲ್ಲಿ ನನ್ನನ್ನು ಬೈಯುವುದನ್ನೇ ಮರೆತಿದ್ದರು. ಅಂಥ ಪವಾಡವನ್ನು ಯಾರು ಕೆಡಿಸುತ್ತಾರೆ? ದಿನಾ ಪುಡಿ ಬೀಳತೊಡಗಿತು. ಓಣಿಯ ಹೆಂಗಸರು ಬಂದು ಪೊಟ್ಟಣ ಕಟ್ಟಿಸಿಕೊಂಡು ಹೋದರು. ಎದುರುಮನೆಯ ಕಾಕಿ ಮೊಣಕಾಲಿಗೆ ಹಚ್ಚಿಕೊಂಡು ನೋವು ಇಳಿಯಿತೆಂದು ಸಾರಿದರು. ಒಬ್ಬಾಕೆ ಮಾತ್ರ ಮೊಮ್ಮಗಳಿಗೆ ನೆಕ್ಕಿಸುತ್ತೇನೆ ಎಂದಾಗ ನಾನು ಸ್ಟೂಲ್ ಎಳೆದುಕೊಂಡು ಹತ್ತಿದೆ.

ಜಗಲಿಯ ನೆತ್ತಿಗೇ ತೊಲೆ. ಮೊಬೈಲಿನ ಬೆಳಕು ಹಾಯಿಸಿದರೆ ಅದರ ಮೈತುಂಬ ಸೂಜಿ ಚುಚ್ಚಿದಂಥ ತೂತುಗಳು. ಗೆದ್ದಲಾಗಿದ್ದರೆ ಮಣ್ಣಿನ ಗೆರೆ ಇರಬೇಕಿತ್ತು, ಎಲ್ಲೂ ಇರಲಿಲ್ಲ. ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಕಣ್ತುಂಬ ಪುಡಿ ಬಿತ್ತು, ಅಂಗೈಗೆ ಕಾಳಿನಷ್ಟು ಚಿಕ್ಕ ಕಂದು ಹುಳ.

ನನ್ನ ಗಂಡನದು ಗೊಬ್ಬರ, ಔಷಧದ ಅಂಗಡಿ. ಹತ್ತಿಗೆ ಯಾವ ಹುಳ, ಕಡಲೆಗೆ ಯಾವ ಹುಳ ಎಂದು ಊರಿಗೆಲ್ಲ ಹೇಳುವವರು. ಅಂಗೈ ತೋರಿಸಿದೆ. ಹುಳವನ್ನು ಬೆರಳಿಂದ ಹೊರಳಿಸಿ ನೋಡಿದರು.

“ಅವ್ವಗ ನೀನ ಹೇಳು.”

“ನಿಮ್ಮ ಅವ್ವ. ನೀವ ಹೇಳ್ರಿ.”

ಅತ್ತೆ ಹಣೆಗೆ ಬಳಿದುಕೊಂಡು ಕೂತಿದ್ದರು. ಗಂಡ ಎದುರಿಗೆ ನಿಂತು, “ಯವ್ವಾ, ಅದು ವಿಭೂತಿ ಅಲ್ಲ. ತೊಲಿಗೆ ಹುಳ ಬಿದ್ದಾವ. ಕಟ್ಟಿಗಿ ತಿಂದು ಹೊರಗ ಹಾಕಿದ್ದು” ಎಂದರು.

“ಹೊರಗ ಹಾಕಿದ್ದು ಅಂದ್ರ?”

ಗಂಡ ನನ್ನ ಮುಖ ನೋಡಿದರು.

“ಹೇತದ್ದು, ಅತ್ತಿ” ಎಂದೆ.

ಅತ್ತೆ ಸೆರಗಿನಿಂದ ನಿಧಾನವಾಗಿ ಹಣೆ ಒರೆಸಿಕೊಂಡರು. ಸೆರಗು ಕೊಡವಿಕೊಂಡು, “ಓಣ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ” ಎಂದರು. ನನಗೆ ನಗು ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ದೇವರನ್ನೆಲ್ಲ ಅಡುಗೆಮನೆಯ ಫ್ರಿಜ್ ಮೇಲೆ ಕೂರಿಸಿದೆವು. ಕೊಪ್ಪಳದಿಂದ ಬಂದ ಬಡಿಗ ತೊಲೆಗೆ ಆಸರೆ ಕೊಟ್ಟು, ಮೆತ್ತಗಾದ ಭಾಗ ಕೆತ್ತಿ ತೆಗೆದ. ಒಳಗಿನ ತಿರುಳು ಗಟ್ಟಿಯಾಗಿಯೇ ಇತ್ತು. ಗಂಡ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಡಾಕ್ಟರರ ಗತ್ತಿನಲ್ಲಿ ತೂತುತೂತಿಗೂ ಸಿರಿಂಜಿನಿಂದ ಔಷಧ ಬಿಟ್ಟರು. ಹಿಂದೆಯೇ ನಾನು ಮೇಣ ಮೆತ್ತಿದೆ. ಉಳಿದ ಮೈಗೆ ಬ್ರಷ್ಷಿನಿಂದ ಬಳಿದು, ವಾಸನೆ ಹೋಗುವವರೆಗೆ ಆ ಕಡೆ ಯಾರನ್ನೂ ಬಿಡಲಿಲ್ಲ. ಹೊಸ ಪುಡಿ ಬಿದ್ದರೆ ಕಾಣಲೆಂದು ಕೆಳಗೆ ಕರಿ ಬಟ್ಟೆ ಹಾಸಿದೆ. ಮಳೆಗಾಲ ಕಳೆದರೂ ಬಟ್ಟೆ ಕರಿಯಾಗಿಯೇ ಉಳಿಯಿತು.

“ಇನ್ನ ದೇವ್ರನ್ನ ಜಗಲಿಗೆ ತರೂಣ್ರಿ” ಎಂದೆ.

ಅತ್ತೆ ಒಪ್ಪಲಿಲ್ಲ. “ಆ ತೊಲಿ ನಂಬಿ ದೇವ್ರನ್ನ ಕುಂದ್ರಸಂಗಿಲ್ಲ. ಮ್ಯಾಲೆ ಸಿಮೆಂಟಿನ ಮಾಳಿಗಿ ಇರೂ ಕೋಣಿ ಒಂದ ಐತಿ.”

ಅದು ನಮ್ಮ ಮಲಗುವ ಕೋಣೆ. ಈಗ ದೇವರು ಅಲ್ಲಿ ಫ್ಯಾನಿನ ಗಾಳಿಯಲ್ಲಿದ್ದಾನೆ. ತೊಲೆಯ ಕೆಳಗೆ ನಾವಿಬ್ಬರು ಮಲಗುತ್ತೇವೆ.