ವಾಲ್ಟರ್ ಅಂಕಲ್‌ಗೆ ನಾನು ಕೇಳಿದ ಪ್ರಶ್ನೆ

ಅದು ಅಕ್ಕಪಕ್ಕದ ಅಪ್ಪಂದಿರೆಲ್ಲ ಹಗಲು ಹೊತ್ತಲ್ಲೇ ಮನೆಯಲ್ಲಿರುತ್ತಿದ್ದ ಕಾಲ. ರಿಸೆಷನ್ ಅಂತೆ. ಸ್ಕೂಲಿನ ರಿಸೆಸ್ ಥರ ಅದೂ ದೊಡ್ಡವರಿಗೆ ಆಟದ ಬಿಡುವು ಇರಬೇಕೆಂದು ನಾನು ತಿಳಿದಿದ್ದೆ. ಅಮೆರಿಕದ ಲಿಸ್ಲ್ ಎಂಬ ಊರಿನಿಂದ ಪಶ್ಚಿಮಕ್ಕೆ ಇಪ್ಪತ್ತು ಮೈಲಿ ದೂರದ ನಮ್ಮ ಸಬ್‌ಡಿವಿಷನ್‌ನಲ್ಲಿ, ಅಂದರೆ ಹೊಸ ಬಡಾವಣೆಯಲ್ಲಿ, ಅರ್ಧಕ್ಕರ್ಧ ಮನೆಗಳು ಖಾಲಿ. ಒಂಬತ್ತು ವರ್ಷದ ನನಗೆ ಅದೇ ಸ್ವರ್ಗ. ಯಾರೂ ಕೊಳ್ಳದ ಮನೆಗಳ ಡ್ರೈವ್‌ವೇಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು, ಬೈಯುವವರೇ ಇರಲಿಲ್ಲ.

ಆ ಜಾಗವೆಲ್ಲ ಹಿಂದೆ ವಾಲ್ಟರ್ ಅಂಕಲ್ ಅವರ ಮುಸುಕಿನ ಜೋಳದ ಹೊಲ. ನಲವತ್ತು ವರ್ಷ ಬೇಸಾಯ ಮಾಡಿ, ಬಿಲ್ಡರ್‌ಗೆ ಮಾರಿ, ಮೂಲೆಯಲ್ಲಿ ಉಳಿಸಿಕೊಂಡ ಕೊಟ್ಟಿಗೆಯಲ್ಲೇ ತರಕಾರಿ ಅಂಗಡಿ ಇಟ್ಟಿದ್ದರು. ವ್ಯಾಪಾರ ಅವರಿಗೆ ಒಲಿಯಲಿಲ್ಲ ಬಿಡಿ. ಡಜನ್ ಕೇಳಿದರೆ ಹದಿನಾಲ್ಕು ತೆನೆ ಹಾಕುತ್ತಿದ್ದರು. ಗಿರಾಕಿ ನಿಂತಿದ್ದರೂ ಬಾಗಿಲಿಗೆ ಹೋಗಿ ಆಕಾಶ ನೋಡಿ, "ನಾಳೆ ಮಳೆ ಬರುತ್ತೆ, ಜೋಳಕ್ಕೆ ಒಳ್ಳೇದು" ಅನ್ನುತ್ತಿದ್ದರು. ಯಾವ ಜೋಳಕ್ಕೋ! ಅಂಗಡಿಯ ತುಂಬ ಒದ್ದೆ ಮಣ್ಣು, ಗೋಣಿಚೀಲ, ಮಾಗಿದ ಕರಬೂಜದ ವಾಸನೆ. ಅವರು ಕತ್ತರಿಸಿ ಎಸೆಯುತ್ತಿದ್ದ ಮೂಲಂಗಿ ಸೊಪ್ಪನ್ನು ಅಮ್ಮ ಕೇಳಿ ತರುತ್ತಿದ್ದಳು.

"ಮನೇಲಿ ಮೊಲ ಸಾಕಿದೀರಾ?" ಎಂದು ಅವರು ಒಮ್ಮೆ ಕೇಳಿದರು.

"ಹೂಂ, ನಮ್ಮಪ್ಪ," ಎಂದೆ ನಾನು. ಅವತ್ತಿನಿಂದ ಇಬ್ಬರಿಗೂ ದೋಸ್ತಿ. ಪ್ರತಿ ಶನಿವಾರ ತಕ್ಕಡಿಯ ಪಕ್ಕ ಕೂತು ಹರಟೆ.

ಒಂದು ಶನಿವಾರ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಈ ಮನೆಗಳಲ್ಲಿ ಯಾರೂ ಇಲ್ವಲ್ಲ. ಮತ್ತೆ ನೀವು ಹೊಲ ಯಾಕೆ ಮಾರಿದ್ರಿ ಅಂಕಲ್?"

ಅವರು ಕೈಯಲ್ಲಿದ್ದ ಟೊಮೆಟೊ ಕೆಳಗಿಟ್ಟರು. ಮುಖ ಕೆಂಪಾಯಿತು. ಹಿಂದಿನ ಬಾಗಿಲಿನಿಂದ ಹೊರಗೆ ಹೋದರು.

"ಅಯ್ಯೋ, ದೊಡ್ಡವರನ್ನ ಹಂಗೆಲ್ಲ ಕೇಳ್ತಾರೇನೇ? ಎಷ್ಟು ನೊಂದ್ಕೊಂಡ್ರೋ ಪಾಪ," ಎಂದು ಅಮ್ಮ ದಾರಿಯುದ್ದಕ್ಕೂ ಬೈದಳು. ಮುಂದಿನ ಶನಿವಾರ ನನಗೆ ಮುಖ ತೋರಿಸಲು ನಾಚಿಕೆ. ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ಬುಧವಾರ ಅವರ ಹೆಂಡತಿ ರೂತ್ ಆಂಟಿ ಫೋನ್ ಮಾಡಿದರು. ಅಪ್ಪ ಕೆಲಸದ ಮೇಲೆ ಡೆಟ್ರಾಯಿಟ್ ಕಡೆ ಹೋಗಿದ್ದರು. ನಾವು ಅಮೆರಿಕಕ್ಕೆ ಬಂದು ಒಂದೇ ವರ್ಷ. ಫೋನಿನ ಇಂಗ್ಲಿಷು ಅಮ್ಮನಿಗೆ ಅರ್ಧಂಬರ್ಧ.

"ವಾಲ್ಟರಪ್ಪನೋರಿಗೆ ಹುಷಾರಿಲ್ಲ ಕಣೇ. ಯಾವುದೋ ಹೋಮ್‌ನಲ್ಲಿದಾರಂತೆ. ಏನೋ ಪಾಸ್ಡ್ ಅಂದ್ರು, ಟೆಸ್ಟ್ ಪಾಸಾಗಿರ್ಬೇಕು. ನಾಳೆ ನಾಲ್ಕರಿಂದ ಎಂಟು ವಿಸಿಟೇಷನ್ನಂತೆ."

ಮೈಸೂರಿನವರಿಗೆ ಹೋಮ್ ಅಂದರೆ ನರ್ಸಿಂಗ್ ಹೋಮ್ ತಾನೇ? ಅಮ್ಮ ಮೆಣಸಿನ ಸಾರು, ಮೆತ್ತಗಿನ ಅನ್ನ ಡಬ್ಬಿಗೆ ಹಾಕಿದಳು. ನನ್ನ ಪ್ರಶ್ನೆಯಿಂದಲೇ ಅವರು ಕಾಯಿಲೆ ಬಿದ್ದರೆಂದು ನನಗೆ ಖಾತ್ರಿಯಾಗಿತ್ತು. ಕಾರ್ಡಿನಲ್ಲಿ ಜೋಳದ ತೆನೆಯ ಚಿತ್ರ ಬರೆದು, ಬೇಗ ಹುಷಾರಾಗಿ, ಹೊಲ ಯಾಕೆ ಮಾರಿದ್ರಿ ಅಂತ ಕೇಳಬಾರದಿತ್ತು, ಸಾರಿ ಎಂದು ಬರೆದೆ. ಆಗಷ್ಟೇ ಲೈಸೆನ್ಸ್ ಪಡೆದಿದ್ದ ಅಮ್ಮ ಹೆದರುತ್ತಲೇ ಡ್ರೈವ್ ಮಾಡಿದಳು.

ಒಳಗೆ ಎಲ್ಲೆಲ್ಲೂ ಹೂವು. ಔಷಧಿ ವಾಸನೆಯೇ ಇಲ್ಲ. ಸೂಟು ಹಾಕಿಕೊಂಡು, ತಲೆ ಬಾಚಿಸಿಕೊಂಡು, ವಾಲ್ಟರ್ ಅಂಕಲ್ ಪೆಟ್ಟಿಗೆಯಲ್ಲಿ ಮಲಗಿದ್ದರು. ಕೆನ್ನೆಗೆ ಬಣ್ಣ ಬೇರೆ.

"ಹುಷಾರಾಗಿದಾರಲ್ಲಮ್ಮ?" ಎಂದೆ.

ಅಮ್ಮ ಅಳಬೇಕೋ, ಸಾರಿನ ಡಬ್ಬಿ ಸೆರಗಲ್ಲಿ ಮುಚ್ಚಿಟ್ಟುಕೊಳ್ಳಬೇಕೋ ತಿಳಿಯದೆ ನಿಂತಿದ್ದಳು. ಸೋಮವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವೆಂದು, ಅದು ಅಂತಿಮ ದರ್ಶನಕ್ಕೆ ಇಡುವ ಫ್ಯೂನರಲ್ ಹೋಮ್ ಎಂದು, ಪಾಸ್ಡ್ ಅಂದರೆ ತೀರಿಕೊಂಡರು ಎಂದು ಆಮೇಲೆ ತಿಳಿಯಿತು.

ರೂತ್ ಆಂಟಿ ನನ್ನ ಕಾರ್ಡ್ ಓದಿ, ಎದುರಿಗೆ ಮಂಡಿಯೂರಿ ಕೂತರು. "ಆ ಪ್ರಶ್ನೆ ಕೇಳಿದ್ದು ನೀನಾ?"

ನಾನು ಜೋರಾಗಿ ಅತ್ತೆ.

"ಅಳಬೇಡ. ಎಲ್ಲರೂ ಎಷ್ಟಕ್ಕೆ ಮಾರಿದೆ ಅಂತ ಕೇಳಿದರು, ಯಾಕೆ ಅಂತ ಕೇಳಿದ್ದು ಈ ಮಗು ಒಂದೇ ಅಂದರು ವಾಲ್ಟರ್. ವಾರವೆಲ್ಲ ಅದನ್ನೇ ಯೋಚಿಸಿದರು. ಉತ್ತರ ಸಿಕ್ಕಿತು, ಮೊದಲು ಅವಳಿಗೇ ಹೇಳಬೇಕು ಅಂತ ಶನಿವಾರ ಬೇಗ ಹೊರಟರು."

"ಏನು ಉತ್ತರ?"

"ನನಗೂ ಹೇಳಲಿಲ್ಲ ಮಗು."

ಈಗ ಆ ಮನೆಗಳೆಲ್ಲ ತುಂಬಿವೆ. ಅಂಗಡಿ ಇದ್ದ ಕಡೆ ಕಾರ್ ವಾಷ್ ಬಂದಿದೆ. ಮಕ್ಕಳು ಬೇಸಾಯ ಬೇಡವೆಂದರೋ, ಮೈಯಲ್ಲಿ ಕಸುವು ಉಳಿದಿರಲಿಲ್ಲವೋ, ಆಸೆಯೋ, ಏನೇನೋ ಊಹಿಸುತ್ತೇನೆ; ಯಾವುದೂ ಸರಿ ಅನ್ನಿಸುವುದಿಲ್ಲ. ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಅಂಗಡಿಯಲ್ಲಿ ಇಡೀ ದಿನ ನನಗಾಗಿ ಕಾದರು, ನಾನು ಹೋಗಲಿಲ್ಲ.